ಸಮಸ್ಯೆ: ಮಾಟವನು ಮಾಡದವನೇ ಮಾಟಗಾರ

ಮುಂಗಾರು: ಈ ವಾರದ ಸಾಲು ಮೇಲಿದೆ. ಪದ್ಯದ ಕೊನೆಯ ಸಾಲು ಇದೇ ಆಗಬೇಕು. ಪ್ರತಿ ಸಾಲಿಗೆ ಐದು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ. ಆದಿಪ್ರಾಸ 'ಟ'. ಪರಿಹಾರ ಮಾತ್ರ ಹಳೆಯ ಗ್ರೀಸ್ ಅಥವಾ ರೋಮಿನಿಂದಲೇ ಬರಬೇಕು. ಮಾಟ ಮಾಡದವನು ಮಾಟಗಾರ ಹೇಗಾದ, ಹೇಳಿ ನೋಡೋಣ.

ಕೆಂಪುಮಣ್ಣು:

ತೋಟ ಕಿರಿದಾದರೂ ಬೆಳೆ ತುಂಬಿತೆಂದು
ಕಾಟ ಕೊಟ್ಟರು ಕರುಬಿ ನೆರೆಯ ಜನರೆಲ್ಲ
ಕೂಟದೆದುರಲಿ ಗುದ್ದಲಿಯ ತೋರಿ ಗೆದ್ದ
ಮಾಟವನು ಮಾಡದವನೇ ಮಾಟಗಾರ

ಇದು ರೋಮಿನ ಲೇಖಕ ಪ್ಲಿನಿ ಬರೆದಿಟ್ಟ ಕಥೆ. ಕ್ರೆಸಿಮಸ್ ಅಂತ ಒಬ್ಬ, ಗುಲಾಮಗಿರಿಯಿಂದ ಬಿಡುಗಡೆಯಾದವನು. ಅವನ ಚಿಕ್ಕ ಹೊಲದಲ್ಲಿ ಅಕ್ಕಪಕ್ಕದ ದೊಡ್ಡ ಹೊಲಗಳಿಗಿಂತ ಜಾಸ್ತಿ ಬೆಳೆ. ನಮ್ಮ ಬೆಳೆಯನ್ನು ಮಂತ್ರ ಹಾಕಿ ಎಳೆದುಕೊಂಡಿದ್ದಾನೆ ಅಂತ ದೂರು ಬಿತ್ತು. ಹನ್ನೆರಡು ಹಲಗೆಗಳು ಅನ್ನುವ ರೋಮಿನ ಅತಿ ಹಳೆಯ ಲಿಖಿತ ಕಾನೂನಿನಲ್ಲೇ ಇದು ಅಪರಾಧ. ಅವನು ಭಾರದ ಗುದ್ದಲಿ, ನೇಗಿಲು, ಮೈತುಂಬಿದ ಎತ್ತು, ಗಟ್ಟಿಮುಟ್ಟಾದ ಆಳುಗಳು, ಎಲ್ಲವನ್ನೂ ಜನರ ಮುಂದೆ ತಂದು ನಿಲ್ಲಿಸಿದ. ಇವೇ ನನ್ನ ಮಾಟ. ನಿದ್ದೆಗೆಟ್ಟ ರಾತ್ರಿಗಳನ್ನೂ ಬೆವರನ್ನೂ ಇಲ್ಲಿಗೆ ತರಲಾಗಲಿಲ್ಲ ಅಂದನಂತೆ. ಎಲ್ಲರೂ ಅವನ ಪರವೇ ಮತ ಹಾಕಿದರು.

ಮುಂಗಾರು: ಆ ಬೆವರಿನ ಮಾತು ಓದಿ ಕಣ್ಣು ತುಂಬಿತು. ಇನ್ನೂ ಬರಲಿ.

ತಿಳಿನೀರು:

ಬೇಟಗೊಂಡಳು ಸಿರಿಯ ವಿಧವೆ ತಾನಾಗಿ
ಊಟಕಲ್ಲದ ಮೀನು ಕೊಂಡನೆಂದವರ
ನೋಟವನು ತಿರುಗಿಸಿದ ನುಡಿಯ ಬಲದಿಂದ
ಮಾಟವನು ಮಾಡದವನೇ ಮಾಟಗಾರ

ರೋಮನ್ ಲೇಖಕ ಅಪುಲಿಯಸ್ ಮೇಲೆ ಕ್ರಿ.ಶ. ಸುಮಾರು 158ರಲ್ಲಿ ಸಬ್ರಾತಾದಲ್ಲಿ ನಡೆದ ಮೊಕದ್ದಮೆ ಇದು. ಊರು ಈಗಿನ ಲಿಬಿಯಾದಲ್ಲಿದೆ. ತನಗಿಂತ ದೊಡ್ಡವಳಾದ ಶ್ರೀಮಂತ ವಿಧವೆ ಪುಡೆಂಟಿಲಾಳನ್ನು ಮದುವೆಯಾದ. ವಶೀಕರಣ ಅಂತ ಅವಳ ಮೊದಲ ಗಂಡನ ಕಡೆಯವರು ಕೋರ್ಟಿಗೆ ಎಳೆದರು. ಮೀನು ತರಿಸಿದ್ದೇ ಸಾಕ್ಷಿ! ಅವನೋ ಮೀನು ಕೊಯ್ದು ಪರೀಕ್ಷಿಸುತ್ತಿದ್ದವನು. ಅವನ ವಾದ ಪೂರ್ತಿ ಉಳಿದು ಬಂದಿದೆ. ಜಾದೂ ಇದ್ದದ್ದು ಆ ಮಾತಿನಲ್ಲೇ, ಅಲ್ವಾ?

ಹೊಸಬಳು: ನಂದೂ ಒಂದು. ಮೊದಲ ಪ್ರಯತ್ನ.

ದಾಟಿದನು ಕೈಗವಸ ಜೋಡಿಯನು ಕದ್ದು
ಚೀಟಿ ಸೀಸದಿ ಗೀಚಿ ಸೂಲಿಸ್‌ಗೆ ಕೊಟ್ಟ
ನೋಟವೇ ಹೋಗಲಿ ಎಂದ ಕಳಕೊಂಡ ಮನುಜ
ಮಾಟವನು ಮಾಡದವನೇ ಮಾಟಗಾರ

ಇಂಗ್ಲೆಂಡಿನ ಬಾತ್‌ನಲ್ಲಿ ಸೂಲಿಸ್ ಮಿನರ್ವಾ ದೇವಿಯ ಬಿಸಿನೀರಿನ ಬುಗ್ಗೆ ಇದೆ. ಅದರೊಳಗೆ ರೋಮನ್ನರ ಕಾಲದ ಸುಮಾರು 130 ಶಾಪದ ತಗಡುಗಳು ಸಿಕ್ಕಿವೆ. ಹೆಚ್ಚಿನವು ಕಳ್ಳತನದ ದೂರು. ಡೋಕಿಮೆಡಿಸ್ ಅನ್ನುವವನು ಎರಡು ಕೈಗವಸು ಕಳೆದುಕೊಂಡಿದ್ದ. ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಅಂತ ಬರೆದು ನೀರಿಗೆ ಹಾಕಿದ.

ಕೆಂಪುಮಣ್ಣು: ತಂಗೀ, ಚೆನ್ನಾಗಿದೆ. ಮೂರನೇ ಸಾಲಿನ ಎರಡನೇ ಗಣ ಎಣಿಸಿ ನೋಡಿ. 'ಹೋಗಲಿ ಎಂ' ಅಂದರೆ ಆರು ಮಾತ್ರೆ. 'ವೇ' ತೆಗೆದುಬಿಡಿ: 'ನೋಟ ಹೋಗಲಿ ಎಂದ ಕಳಕೊಂಡ ಮನುಜ'. ಸರಿಹೋಯ್ತು.

ಮುಂಗಾರು: ಆದರೆ ಶಾಪ ಹಾಕಿದ್ದೂ ಮಾಟವೇ ಅಲ್ವಾ?

ಹೊಸಬಳು: ಅವನು ಬರೆದದ್ದು ಬರೀ ದೂರು ಸರ್. ಶಿಕ್ಷೆ ದೇವಿಗೆ ಬಿಟ್ಟ. ಆದ್ರೂ ಆ ತಗಡು ನೋಡಿದವರು ಅವನನ್ನೇ ಮಾಟಗಾರ ಅಂತಾರೆ. ತಿದ್ದಿದ್ದಕ್ಕೆ ಥ್ಯಾಂಕ್ಸ್ ಅಣ್ಣಾ.

ಮುಂಗಾರು: ಒಪ್ಪಿದೆ. ಮುಂದಿನ ವಾರಕ್ಕೆ ಗ್ರೀಕ್ ಕವಿ ಹೋಮರನ 'ಒಡಿಸ್ಸಿ'ಯ ಮಾಟಗಾತಿ ಕಿರ್ಕೆಯ ದ್ವೀಪಕ್ಕೆ ಹೋಗೋಣ. ಅದೇ ಮಾತ್ರೆ, ಪ್ರಾಸ 'ಂದ':

ಹಂದಿಗಳು ಮತ್ತೆ ಹಾಯೇರಿಸಿದುವಂದು