ಸಹಾಯ ಬೇಕು: ‘ಟೇಬಲ್’ ಮಾಡಿ ಅಂದರೆ ಚರ್ಚೆಗೆ ತರಬೇಕಾ, ಪಕ್ಕಕ್ಕಿಡಬೇಕಾ?

ನಮಸ್ಕಾರ. ನಮ್ಮ ಟೀಮಿನಲ್ಲಿ ಲಂಡನ್ನಿನವರೂ ಇದ್ದಾರೆ, ಷಿಕಾಗೋದವರೂ ಇದ್ದಾರೆ. ಮೀಟಿಂಗಿನ ಅಜೆಂಡಾ ಬರೆಯುವ ಕೆಲಸ ನನ್ನದು. ಮ್ಯಾನೇಜರ್ ಮೇಲ್ ಹಾಕಿದ್ದಾರೆ: ‘ಲೆಟ್ಸ್ ಟೇಬಲ್ ದ ಬಜೆಟ್ ಐಟಮ್ ಫಾರ್ ಥರ್ಸ್‌ಡೇ.’ ಅಷ್ಟೇ.

ನಮ್ಮ ವಿಧಾನಸಭೆಯಲ್ಲಿ ವರದಿ ಟೇಬಲ್ ಮಾಡಿದರು ಅಂದರೆ ಮಂಡಿಸಿದರು ಅಂತ ತಾನೇ? ಬ್ರಿಟನ್ನಿನಲ್ಲೂ ಹಾಗೇ. ಅಮೆರಿಕದಲ್ಲಿ ಮಾತ್ರ ಪೂರ್ತಿ ಉಲ್ಟಾ: ಸದ್ಯಕ್ಕೆ ಬೇಡ, ಪಕ್ಕಕ್ಕಿಡಿ ಅಂತ. ಡಿಕ್ಷನರಿ ಎರಡೂ ಅರ್ಥ ಕೊಟ್ಟು ಕೈ ತೊಳೆದುಕೊಂಡಿದೆ. ಸಹೋದ್ಯೋಗಿಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಮ್ಯಾನೇಜರ್ ಹುಟ್ಟಿ ಬೆಳೆದಿದ್ದು ಇಂಗ್ಲೆಂಡಿನಲ್ಲಿ, ಕೆಲಸ ಮಾಡಿದ್ದೆಲ್ಲ ಅಮೆರಿಕದಲ್ಲಿ! ಈಗ ರಜೆಯಲ್ಲಿದ್ದಾರೆ, ಬರುವುದೇ ಗುರುವಾರ. ಮೇಲ್‌ಗೆ ಉತ್ತರವಿಲ್ಲ.

ನನ್ನ ತಲೆ ಕೆಡಿಸಿರುವುದು ಆ ‘ಫಾರ್’. ‘ಅಂಟಿಲ್ ಥರ್ಸ್‌ಡೇ’ ಅಂದಿದ್ದರೆ ಅಲ್ಲಿವರೆಗೆ ಮುಂದೂಡಿದ್ದಾರೆ ಅಂತ ಸುಮ್ನೆ ಒಪ್ಪಿಕೊಳ್ಳುತ್ತಿದ್ದೆ. ‘ಫಾರ್ ಥರ್ಸ್‌ಡೇ’ ಅಂದರೆ ಗುರುವಾರದ ಅಜೆಂಡಾಗೆ ಸೇರಿಸು ಅಂತಲಾ, ಗುರುವಾರದ ಮಟ್ಟಿಗೆ ಕೈಬಿಡು ಅಂತಲಾ? ಎರಡೂ ದೇಶದವರ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.