ಲ್ಯಾಪ್‌ಟಾಪ್ ವಾಪಸ್ ಕೊಡೋ ಮುಂಚೆ ಡಿಸ್ಕ್ ಪೂರ್ತಿ ಅಳಿಸೋದು ಹೇಗೆ

ಬಾಡಿಗೆಗೆ ತಗೊಂಡಿದ್ದ ಲ್ಯಾಪ್‌ಟಾಪ್ ಸೋಮವಾರ ವಾಪಸ್ ಕೊಡ್ಬೇಕು, ಎಲ್ಲಾ ಶಿಫ್ಟ್ ಡಿಲೀಟ್ ಹೊಡೆದು ಡಿ ಡ್ರೈವ್‌ಗೆ ಕ್ವಿಕ್ ಫಾರ್ಮ್ಯಾಟೂ ಮಾಡಿದೀನಿ, ಸಾಕಲ್ವಾ ಅಂತ ಕೇಳಿದ್ರಲ್ಲ, ಸಾಲದು. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಕೇಳಿಸ್ಕೊಳ್ಳಿ.

ಡಿಲೀಟ್ ಮಾಡಿದಾಗ ವಿಂಡೋಸ್ ಆ ಫೈಲನ್ನ ಅಳಿಸಲ್ಲ, ಆ ಜಾಗ ಖಾಲಿ ಅಂತ ಗುರುತು ಹಾಕ್ಕೊಳ್ಳತ್ತೆ ಅಷ್ಟೇ. ಕ್ವಿಕ್ ಫಾರ್ಮ್ಯಾಟೂ ಅದೇ ಜಾತಿ. ಹಳೇ ಥರದ ತಿರುಗೋ ಹಾರ್ಡ್ ಡಿಸ್ಕ್ ಆದ್ರೆ ಫೋಟೋರೆಕ್ ಥರದ ಉಚಿತ ಸಾಫ್ಟ್‌ವೇರ್ ಹಾಕಿ ಯಾರು ಬೇಕಾದ್ರೂ ನಿಮ್ಮ ಫೋಟೋ, ಪಿಡಿಎಫ್ ಎಲ್ಲಾ ಎತ್ಕೋಬಹುದು.

ಅದಕ್ಕೇ ಮೊದಲು ಒಳಗಿರೋದು ಯಾವ ಡಿಸ್ಕ್ ಅಂತ ನೋಡಿ. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಒತ್ತಿದ್ರೆ ಎಡಗಡೆ ಡಿಸ್ಕ್ 0 ಅಂತ ಕಾಣತ್ತೆ, ಅದರ ಕೆಳಗೆ ಎಚ್‌ಡಿಡಿ (ತಿರುಗೋ ಹಾರ್ಡ್ ಡಿಸ್ಕ್) ಇಲ್ಲಾ ಎಸ್‌ಎಸ್‌ಡಿ (ಚಿಪ್‌ನಲ್ಲಿ ಡೇಟಾ ಇಡೋ ಡ್ರೈವ್) ಅಂತ ಇರತ್ತೆ. ದಾರಿ ಇಲ್ಲೇ ಎರಡಾಗತ್ತೆ.

ಆಮೇಲೆ, ಲ್ಯಾಪ್‌ಟಾಪ್ ಬಾಡಿಗೆಗೆ ಕೊಟ್ಟವ್ರನ್ನ ಕೇಳಿ, ವಿಂಡೋಸ್ ಸಮೇತ ಬೇಕಾ, ಖಾಲಿ ಡಿಸ್ಕ್ ಆದ್ರೂ ನಡಿಯತ್ತಾ ಅಂತ. ಆಫೀಸ್ ಲ್ಯಾಪ್‌ಟಾಪ್ ಇರೋರು ಗಮನಿಸಿ, ಐಟಿಯವ್ರನ್ನ ಕೇಳದೇ ಏನೂ ಅಳಿಸಬೇಡಿ, ಅದರಲ್ಲಿರೋ ಕೆಲಸದ ಡೇಟಾ ಕಂಪನಿದು.

ಬ್ಯಾಕಪ್ ತಗೊಂಡ್ರಿ ಅಂದ್ರೆ ಅದನ್ನ ಬೇರೆ ಕಂಪ್ಯೂಟರ್‌ಗೆ ಚುಚ್ಚಿ, ನಾಲ್ಕೈದು ಫೈಲ್ ತೆರೆದು ನೋಡಿ. ಇದೊಂದು ಹೆಜ್ಜೆ ದಯವಿಟ್ಟು ಬಿಡಬೇಡಿ, ಇಲ್ಲಿಂದ ಮುಂದೆ ಅಳಿಸಿದ್ದು ವಾಪಸ್ ಬರಲ್ಲ. ಬ್ರೌಸರ್, ಮೈಕ್ರೋಸಾಫ್ಟ್ ಅಕೌಂಟ್, ಲೈಸೆನ್ಸ್ ಇರೋ ಸಾಫ್ಟ್‌ವೇರ್ ಎಲ್ಲದರಿಂದ ಸೈನ್ ಔಟ್ ಆಗಿ.

ವಿಂಡೋಸ್ ಇರಲಿ ಅಂದ್ರೆ ಸೆಟ್ಟಿಂಗ್ಸಲ್ಲಿ ರಿಕವರಿ, ರೀಸೆಟ್ ಪಿಸಿ, ರಿಮೂವ್ ಎವೆರಿಥಿಂಗ್. ಇಲ್ಲೇ ಎಲ್ರೂ ಎಡವೋದು. ಹಾಗೇ ನೆಕ್ಸ್ಟ್ ನೆಕ್ಸ್ಟ್ ಒತ್ತಿದ್ರೆ ಬರೀ ಫೈಲ್ ತೆಗೆಯತ್ತೆ. ಚೇಂಜ್ ಸೆಟ್ಟಿಂಗ್ಸ್ ಒಳಗೆ ಹೋಗಿ ಕ್ಲೀನ್ ಡೇಟಾ ಅನ್ನೋದನ್ನ ಯೆಸ್ ಮಾಡಬೇಕು. ಗಂಟೆಗಟ್ಟಲೆ ಹಿಡಿಯಬಹುದು, ಚಾರ್ಜರ್ ಹಾಕೇ ಇಡಿ.

ಖಾಲಿ ಡಿಸ್ಕ್ ಸಾಕು, ಒಳಗಿರೋದು ಎಚ್‌ಡಿಡಿ ಅಂದ್ರೆ ಇನ್ನೂ ಒಳ್ಳೇದು. ವಿಂಡೋಸ್ ಇನ್‌ಸ್ಟಾಲ್ ಮಾಡೋ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಅಂದ್ರೆ ಲ್ಯಾಪ್‌ಟಾಪನ್ನ ಅದರಿಂದಲೇ ಶುರು ಮಾಡಿ, ಮೊದಲ ಪರದೆಯಲ್ಲೇ ಶಿಫ್ಟ್ ಎಫ್10 ಒತ್ತಿ. ಕೆಲವು ಲ್ಯಾಪ್‌ಟಾಪಲ್ಲಿ ಎಫ್‌ಎನ್ ಕೀನೂ ಸೇರಿಸಿ ಒತ್ತಬೇಕು. ಕಪ್ಪು ಕಿಟಕಿ ಬರತ್ತೆ. ಡಿಸ್ಕ್‌ಪಾರ್ಟ್ ಅಂತ ಹೊಡೀರಿ, ಆಮೇಲೆ ಲಿಸ್ಟ್ ಡಿಸ್ಕ್. ನಿಮ್ಮ ಪೆನ್ ಡ್ರೈವೂ ಆ ಪಟ್ಟಿಯಲ್ಲೇ ಕೂತಿರತ್ತೆ, ಸೈಜ್ ನೋಡಿ ಗುರುತು ಹಿಡೀರಿ. 1 ಟಿಬಿ ಡಿಸ್ಕ್ ಅಲ್ಲಿ 931 ಜಿಬಿ ಅಂತ ತೋರ್ಸತ್ತೆ, 500 ಜಿಬಿದು 465. ಗಾಬರಿ ಬೇಡ, ಎಣಿಸೋ ಲೆಕ್ಕ ಬೇರೆ ಅಷ್ಟೇ. ಬೇರೆ ಎಕ್ಸ್‌ಟರ್ನಲ್ ಡಿಸ್ಕ್ ಏನಾದ್ರೂ ಚುಚ್ಚಿದ್ರೆ ಮೊದಲೇ ಕಿತ್ತಿಡಿ. ಸೆಲೆಕ್ಟ್ ಡಿಸ್ಕ್ ಅಂತ ಅದರ ನಂಬರ್ ಕೊಟ್ಟು, ಕ್ಲೀನ್ ಆಲ್ ಹೊಡೀರಿ. ಆಲ್ ಮರೀಬೇಡಿ. ಬರೀ ಕ್ಲೀನ್ ಅಂದ್ರೆ ಪಾರ್ಟಿಷನ್ ಪಟ್ಟಿ ಮಾತ್ರ ಹೋಗತ್ತೆ, ಡೇಟಾ ಅಲ್ಲೇ ಇರತ್ತೆ. ಕ್ಲೀನ್ ಆಲ್ ಪ್ರತಿ ಸೆಕ್ಟರ್‌ಗೂ, ಅಂದ್ರೆ ಡಿಸ್ಕ್‌ನ ಒಂದೊಂದು ಚಿಕ್ಕ ತುಂಡಿಗೂ, ಸೊನ್ನೆ ಬರೆಯತ್ತೆ. ಶೇಕಡಾ ಇಷ್ಟಾಯ್ತು ಅಂತ ಏನೂ ತೋರ್ಸಲ್ಲ, ಕರ್ಸರ್ ಮಿನುಗ್ತಾ ಇರತ್ತೆ. ಹ್ಯಾಂಗ್ ಆಯ್ತು ಅಂತ ಪವರ್ ಆಫ್ ಮಾಡಿದ್ರೆ ಅರ್ಧಂಬರ್ಧ ಅಳಿಸಿದ ಹಾಗಾಗತ್ತೆ. ಸೆಕೆಂಡಿಗೆ 100 ಎಂಬಿ ವೇಗ ಹಿಡಿದ್ರೂ 1 ಟಿಬಿಗೆ ಹತ್ರ ಹತ್ರ 3 ಗಂಟೆ ಬೇಕು.

ಡಿಸ್ಕ್ ಪೂರ್ತಿ 35 ಸಲ ಬರೀಬೇಕು ಅಂತ ಕೆಲವರು ಹೇಳ್ತಾರೆ. ಅದು 1996ರಲ್ಲಿ ಕಂಪ್ಯೂಟರ್ ಭದ್ರತೆಯ ಸಂಶೋಧಕ ಪೀಟರ್ ಗುಟ್‌ಮನ್ ಬರೆದ ಪ್ರಬಂಧದ್ದು, ಆಗಿನ ಬೇರೆ ಬೇರೆ ಎನ್‌ಕೋಡಿಂಗ್ (ಡೇಟಾ ಬರೆದಿಡೋ ವಿಧಾನ) ಇದ್ದ ಡಿಸ್ಕ್‌ಗಳನ್ನೆಲ್ಲಾ ಒಟ್ಟಿಗೆ ಗಮನದಲ್ಲಿ ಇಟ್ಕೊಂಡು ಮಾಡಿದ ಪಟ್ಟಿ. ಈಗಿನ ಎಚ್‌ಡಿಡಿಗೆ ಒಂದು ಸಲ ಪೂರ್ತಿ ಬರೆದ್ರೆ ಸಾಕು.

ಎಸ್‌ಎಸ್‌ಡಿ ಇದ್ರೆ ಮಾತ್ರ ಈ ಸೊನ್ನೆ ಬರೆಯೋ ವಿದ್ಯೆ ಪೂರ್ತಿ ನಡಿಯಲ್ಲ. ಚಿಪ್ ಸವೀಬಾರ್ದು ಅಂತ ಡ್ರೈವ್ ಒಳಗಿರೋ ಕಂಟ್ರೋಲರ್ ಪ್ರತಿಸಲ ಬೇರೆ ಬ್ಲಾಕ್‌ಗೆ ಬರೆಯತ್ತೆ, ಜೊತೆಗೆ ನಮಗೆ ಕಾಣದ ಹೆಚ್ಚುವರಿ ಜಾಗನೂ ಇಟ್ಕೊಂಡಿರತ್ತೆ. ಹಳೇ ಚೂರುಗಳು ಅಲ್ಲಿ ಉಳೀಬಹುದು. ಆದ್ದರಿಂದ ಡ್ರೈವ್‌ಗೇ ಅಳಿಸ್ಕೋ ಅಂತ ಹೇಳಬೇಕು. ಬಯಾಸ್ (ವಿಂಡೋಸ್ ಶುರುವಾಗೋ ಮುಂಚೆ ತೆರೆಯೋ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್) ಒಳಗೆ ಹುಡುಕಿ, ಡೆಲ್‌ನ ಬಿಸಿನೆಸ್ ಮಾಡೆಲ್‌ಗಳಲ್ಲಿ ಡೇಟಾ ವೈಪ್, ಎಚ್‌ಪಿಯಲ್ಲಿ ಸೆಕ್ಯೂರ್ ಎರೇಸ್ ಅಂತಿರತ್ತೆ. ಎಷ್ಟೋ ಎಸ್‌ಎಸ್‌ಡಿಗಳಲ್ಲಿ ಒಂದೆರಡು ನಿಮಿಷದೊಳಗೆ ಮುಗಿಯತ್ತೆ. ಇಷ್ಟು ಬೇಗನಾ ಅಂತ ಅನುಮಾನ ಬೇಡ, ಅದು ಕೆಲಸ ಮಾಡೋದೇ ಹಾಗೆ. ಬಯಾಸಲ್ಲಿ ಇಲ್ಲ ಅಂದ್ರೆ ಡ್ರೈವ್ ಕಂಪನಿಯ ಟೂಲ್‌ನಲ್ಲಿ ಸಿಗತ್ತೆ. ಡ್ರೈವ್ ಬಿಚ್ಚಿ ಯುಎಸ್‌ಬಿ ಕೇಸ್‌ಗೆ ಹಾಕಿ ಈ ಅಳಿಸೋ ಕಮಾಂಡ್ ಕೊಡೋಕೆ ಹೋಗಬೇಡಿ. ಎಷ್ಟೋ ಕೇಸ್‌ಗಳು ಅದನ್ನ ಸರಿಯಾಗಿ ದಾಟಿಸಲ್ಲ, ಮಧ್ಯದಲ್ಲಿ ಸಿಕ್ಕಿಕೊಂಡ್ರೆ ಡ್ರೈವ್ ಲಾಕ್ ಆಗಿ ಕೂರತ್ತೆ. ಮೊದಲಿಂದ ಬಿಟ್‌ಲಾಕರ್ (ಡಿಸ್ಕನ್ನ ಗುಪ್ತಲಿಪಿ ಮಾಡೋ ವಿಂಡೋಸ್ ಸೌಲಭ್ಯ) ಆನ್ ಇದ್ದ ಡಿಸ್ಕ್ ಆದ್ರೆ ಅರ್ಧ ಚಿಂತೆ ಕಮ್ಮಿ, ಕೀ ಹೋಯ್ತು ಅಂದ್ರೆ ಉಳಿದಿದ್ದು ಓದೋಕಾಗಲ್ಲ.

ಕೆಟ್ಟು ಆನ್ ಕೂಡ ಆಗದಿರೋ ಡಿಸ್ಕ್‌ನ ಯಾವ ಸಾಫ್ಟ್‌ವೇರೂ ಅಳಿಸಲ್ಲ. ಅಂಥದ್ದಾದ್ರೆ ಡಿಸ್ಕ್ ನಾವೇ ಇಟ್ಕೋತೀವಿ ಅಂತ ಮಾತಾಡಿ.

ಖಾಲಿ ಮಾಡಿದ ಮೇಲೆ ಲಿನಕ್ಸ್ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಆ ಡಿಸ್ಕ್ ಮೇಲೆ ಹೆಕ್ಸ್‌ಡಂಪ್ (ಡಿಸ್ಕ್‌ನಲ್ಲಿರೋದನ್ನ ಹಾಗೇ ತೋರಿಸೋ ಕಮಾಂಡ್) ಓಡಿಸಿ ನೋಡಿ. ಸೊನ್ನೆ ಬರೆದ ಡಿಸ್ಕ್ ಆದ್ರೆ ಒಂದೇ ಒಂದು ಸಾಲು ಸೊನ್ನೆ ಬಂದು, ಅದರ ಕೆಳಗೆ ಒಂದು ನಕ್ಷತ್ರ ಗುರುತು ಬೀಳತ್ತೆ. ಕೊನೇ ತನಕ ಅದೇ ಸೊನ್ನೆ ಅಂತ ಅರ್ಥ, ಡಿಸ್ಕ್ ಪೂರ್ತಿ ಓದಿ ಮುಗಿಯೋವರೆಗೂ ಬೇರೆ ಅಕ್ಷರ ಬರಬಾರ್ದು. ಮಧ್ಯೆ ಎಲ್ಲಾದ್ರೂ ಅಕ್ಷರಗಳು ಬಂದ್ರೆ ಕೊಡಬೇಡಿ, ಪರದೆ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.