2017ರ ಅಂಡರ್-17 ಫುಟ್‌ಬಾಲ್ ವಿಶ್ವಕಪ್‌ನಲ್ಲಿ ನಮ್ಮ ಹುಡುಗರು ಅಷ್ಟು ಕೆಟ್ಟದಾಗಿ ಆಡಿದರಾ?

ಆಫ್‌ಸೈಡ್:
ಹಳೆಯ ಸ್ಕೋರ್‌ಗಳನ್ನು ಮತ್ತೆ ನೋಡುತ್ತಿದ್ದೆ. ಅಮೆರಿಕದ ಎದುರು 0-3, ಕೊಲಂಬಿಯಾ ಎದುರು 1-2, ಘಾನಾ ಎದುರು 0-4. ಮೂರೂ ದೆಹಲಿಯಲ್ಲೇ. ಆತಿಥೇಯರು ಅಂತ ಜಾಗ ಸಿಕ್ಕಿತು, ಇಲ್ಲದಿದ್ದರೆ ಅಲ್ಲಿ ನಮಗೇನು ಕೆಲಸ ಅಂತ ಗೆಳೆಯ ಒಂದೇ ಸಮನೆ ಕಾಡುತ್ತಾನೆ. ಪಂದ್ಯ ಪೂರ್ತಿ ನೋಡಿದವರು ಹೇಳಿ, ಅವನು ಹೇಳೋದು ಸರಿನಾ?

ಮೂಲೆ ಸೀಟು:
ಕೊಲಂಬಿಯಾ ಪಂದ್ಯ ನೋಡಿದ್ದರೆ ಅವನು ಹೀಗೆ ಮಾತಾಡುತ್ತಿರಲಿಲ್ಲ. ಮೊದಲಾರ್ಧದ ಕೊನೆಗೆ ರಾಹುಲ್ ಹೊಡೆದ ಚೆಂಡು ಕಂಬಕ್ಕೆ ಬಡಿದು ವಾಪಸ್ ಬಂತು. 49ನೇ ನಿಮಿಷದಲ್ಲಿ ಪೆನ್ಯಾಲೋಸಾ ಗೋಲು ಹಾಕಿದ. ಆಮೇಲೂ ನಮ್ಮವರು ಕುಗ್ಗಲಿಲ್ಲ. 82ನೇ ನಿಮಿಷಕ್ಕೆ ನಮ್ಮ ಬೆಂಗಳೂರು ಹುಡುಗ ಸಂಜೀವ್ ಸ್ಟಾಲಿನ್ ತೆಗೆದ ಕಾರ್ನರ್, ಜೀಕ್ಸನ್ ಸಿಂಗ್ ಎಗರಿ ತಲೆ ಕೊಟ್ಟ, ಚೆಂಡು ಒಳಗೆ! ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊದಲ ಗೋಲು ಅದು. ನಾನು ಇನ್ನೂ ಕುರ್ಚಿಯಲ್ಲಿ ಕೂತಿರಲಿಲ್ಲ, ಅಷ್ಟರಲ್ಲಿ ಅದೇ ಪೆನ್ಯಾಲೋಸಾ ಇನ್ನೊಂದು ಹಾಕಿಬಿಟ್ಟ. ಒಂದೇ ನಿಮಿಷ ಮಾರಾಯ್ರೇ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಮೆರಿಕ ಪಂದ್ಯದಲ್ಲೂ ಹೀಗೇ ಆಯ್ತು. ಅನ್ವರ್ ಅಲಿ ಹೊಡೆದದ್ದು ಕ್ರಾಸ್‌ಬಾರ್‌ಗೆ ಬಿತ್ತು, ಅದೇ ಓಟದಲ್ಲಿ ಅವರು ಈ ಕಡೆ ಬಂದು ಮೂರನೆಯದು ಹಾಕಿದರು. 1-2 ಆಗಬೇಕಿದ್ದದ್ದು 0-3 ಆಯ್ತು.

ಹಾಫ್‌ಟೈಮ್:
ಸುಮ್ನೆ ದುರದೃಷ್ಟ ಅನ್ನಬೇಡಿ. ಘಾನಾ ಪಂದ್ಯಕ್ಕೆ ಬರೋ ಹೊತ್ತಿಗೆ ಹುಡುಗರ ಕಾಲಲ್ಲಿ ಏನೂ ಉಳಿದಿರಲಿಲ್ಲ. 86, 87ನೇ ನಿಮಿಷಗಳಲ್ಲಿ ಎರಡು ಗೋಲು ತಿಂದಿದ್ದೇವೆ, ಅದು ಸುಸ್ತಲ್ಲದೆ ಇನ್ನೇನು? ಗೋಲಿ ಧೀರಜ್ ಇಲ್ಲದಿದ್ದರೆ ಲೆಕ್ಕ ಇನ್ನೂ ಜಾಸ್ತಿಯಾಗುತ್ತಿತ್ತು. ಆದರೆ ಗುಂಪೂ ಕಷ್ಟದ್ದೇ, ಒಪ್ಪುತ್ತೇನೆ. ಅಮೆರಿಕ, ಘಾನಾ ಇಬ್ಬರೂ ಕ್ವಾರ್ಟರ್‌ಫೈನಲ್‌ವರೆಗೆ ಹೋದರು.

ಎಡಗಾಲು:
'ಆತಿಥೇಯರು ಅಂತ ಸಿಕ್ಕಿತು' ಅನ್ನೋ ಗೆಳೆಯನಿಗೆ 2018ರ ಅಂಡರ್-16 ಏಷ್ಯಾ ಟೂರ್ನಿ ತೋರಿಸಿ. ವಿಯೆಟ್ನಾಂ ಎದುರು 1-0 ಗೆಲುವು, ಇರಾನ್, ಇಂಡೋನೇಷ್ಯಾ ಎದುರು 0-0. ಗುಂಪಿನಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಕ್ವಾರ್ಟರ್‌ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು 0-1. ಅದೊಂದು ಗೆದ್ದಿದ್ದರೆ ಅಂಡರ್-17 ವಿಶ್ವಕಪ್‌ಗೆ ಸ್ವಂತ ಬಲದಲ್ಲೇ ಹೋಗುತ್ತಿದ್ದರು.

ಆಫ್‌ಸೈಡ್:
ಈ ಕೊರಿಯಾ ಪಂದ್ಯ ನನಗೆ ಗೊತ್ತೇ ಇರಲಿಲ್ಲ. ಲಿಂಕ್ ಅವನಿಗೆ ಕಳಿಸಿದೆ. 'ಅಂತೂ ಸೋತರು ತಾನೆ' ಅಂತ ಉತ್ತರ ಬಂತು.